ಮಾದರಿ ಬೀದಿಗೊಂದು ತೇಪೆ

ಬೀದಿಯ ಉದ್ದ ಇನ್ನೂರ ಹತ್ತು ಮೀಟರ್. ಮನೆಗಳು ಇಪ್ಪತ್ತಾರು, ಕಾರುಗಳು ನಲವತ್ತೊಂದು. ಎರಡು ದೊಡ್ಡ ರಸ್ತೆಗಳ ನಡುವಿನ ಈ ಬೀದಿಗೆ ನುಗ್ಗಿದರೆ ಒಂದು ಸಿಗ್ನಲ್ ತಪ್ಪುತ್ತದೆ. ಹಾಗಾಗಿ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಊರಿನ ಅರ್ಧ ಜನರಿಗೆ ಇದು ಸ್ವಂತ ಬೀದಿ. ಎರಡೂ ಬದಿಗೆ ಪಾದಚಾರಿ ಮಾರ್ಗವಿದೆ. ಅದರ ಮೇಲೆ ಪ್ರತಿ ಕಾರಿನ ಎರಡು ಚಕ್ರಗಳಿವೆ. ಕಾರು ಇಲ್ಲದ ಕಡೆ ಹೂಕುಂಡವಿದೆ. ಕುಂಡದಲ್ಲಿ ಗಿಡವಿಲ್ಲ. ಜಾಗ ಹಿಡಿಯುವುದಕ್ಕೆ ಗಿಡದ ಅಗತ್ಯವಿಲ್ಲ.

ಬೀದಿ ತಿರುಗುವಲ್ಲಿ, ಒಂದು ಕಟ್ಟಡದ ಮೆಟ್ಟಿಲಿನ ಕೆಳಗೆ, ಗಡಿಯಾರ ರಿಪೇರಿಯ ಅಂಗಡಿ. ಆರಡಿ ಅಗಲ, ನಾಲ್ಕಡಿ ಆಳ. ರಿಪೇರಿಯವನಿಗೆ ಎಪ್ಪತ್ನಾಲ್ಕು ವರ್ಷ. ಬೀದಿಯವರ ಬಾಯಲ್ಲಿ ಗಡಿಯಾರದಜ್ಜ. ಅವನ ಮನೆ ಸರಿಯಾಗಿ ಎದುರಿಗೆ. ಹೊಸ್ತಿಲಿನಿಂದ ಅಂಗಡಿಯ ಬಾಗಿಲಿಗೆ ಹದಿನಾರು ಹೆಜ್ಜೆ. ಮೂವತ್ತೆಂಟು ವರ್ಷ ಆ ಹದಿನಾರು ಹೆಜ್ಜೆಯನ್ನು ಅಜ್ಜ ದಿನಕ್ಕೆ ಹತ್ತು ಸಲ ಹಾಕಿದ್ದ.

ವರ್ಷದ ಮೊದಲ ತಿಂಗಳ ಒಂದು ಮಂಗಳವಾರ, ಒಂಬತ್ತನೇ ಹೆಜ್ಜೆಗೆ, ಕಾರೊಂದರ ಪಕ್ಕದ ಕನ್ನಡಿ ಅಜ್ಜನ ಬಲ ಮಣಿಕಟ್ಟಿಗೆ ಬಡಿಯಿತು. ಮೂಳೆ ಎರಡು ಕಡೆ ಮುರಿಯಿತು. ಕಾರು ನಿಲ್ಲಲಿಲ್ಲ. ಅದರ ಬಣ್ಣ ಬಿಳಿ ಎಂಬುದರಲ್ಲಿ ಬೀದಿಗೆ ಒಮ್ಮತವಿತ್ತು. ಬೀದಿಯ ನಲವತ್ತೊಂದು ಕಾರುಗಳಲ್ಲಿ ಬಿಳಿಯವು ಹದಿನೇಳು ಎಂದು ಎಣಿಕೆಯಾದ ಮೇಲೆ ಆ ಒಮ್ಮತವೂ ಉಳಿಯಲಿಲ್ಲ.

ಅಜ್ಜನ ಸೊಸೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸಕ್ಕಿದ್ದಾಳೆ. ಮಾವನ ಕೈಗೆ ಪ್ಲಾಸ್ಟರ್ ಹಾಕಿದವಳು ಅವಳೇ. ಆರು ವಾರಕ್ಕೆ ಕತ್ತರಿಸಿ ತೆಗೆದವಳೂ ಅವಳೇ. ತೆಗೆದ ದಿನ ಅಂಗಡಿಯ ಬೀಗದ ಕೀಲಿಯನ್ನು ತನ್ನ ಊಟದ ಚೀಲಕ್ಕೆ ಹಾಕಿಕೊಂಡಳು.

"ಹಂಪ್ ಹಾಕೋವರೆಗೂ ನೀವು ರಸ್ತೆ ದಾಟೋ ಹಾಗಿಲ್ಲ ಮಾವ."

"ನಾನೇನು ಮಗುವೇನಮ್ಮಾ?"

"ಮಗು ಆಗಿದ್ರೆ ಮೂಳೆ ಬೇಗ ಕೂಡ್ತಿತ್ತು."

"ಒಳಗೆ ಮೂವತ್ತೊಂದು ಗಡಿಯಾರ ಇವೆ. ಜನ ನಂಬಿ ಕೊಟ್ಟಿರೋದು."

"ನಿಂತಿರೋ ಗಡಿಯಾರ ತಾನೇ? ಇನ್ನೊಂದೆರಡು ತಿಂಗಳು ನಿಂತಿರ್ಲಿ."

"ಬೆಳಿಗ್ಗೆ ನೀನು ಕೆಲಸಕ್ಕೆ ಹೋಗ್ತಾ ದಾಟಿಸಿಬಿಡು. ಸಂಜೆ ಬರ್ತಾ ಕರ್ಕೊಂಡು ಬಾ."

"ಮಧ್ಯಾಹ್ನ ಊಟಕ್ಕೆ ಯಾರು ದಾಟಿಸ್ತಾರೆ? ನಡುವೆ ನಾಲ್ಕು ಸಲ ಬಚ್ಚಲಿಗೆ ಓಡಿ ಬರ್ತೀರಲ್ಲ, ಆಗ?"

ಆ ಅಂಗಡಿಯಲ್ಲಿ ನಲ್ಲಿ ಇಲ್ಲ, ಬಚ್ಚಲಿಲ್ಲ. ಮನೆಯಲ್ಲೇ ಕೂತು ಕೆಲಸ ಮಾಡೋಣವೆಂದರೆ ಮಗನಿಗೆ ರಾತ್ರಿ ಪಾಳಿ. ಹಗಲಿಡೀ ಪರದೆ ಎಳೆದು ಮಲಗುತ್ತಾನೆ. ಇರುವುದು ಒಂದೇ ದೊಡ್ಡ ಕೋಣೆ. ಕತ್ತಲಲ್ಲಿ ಅಕ್ಕಿಕಾಳಿನ ಅರ್ಧದಷ್ಟಿರುವ ತಿರುಪನ್ನು ಹಿಡಿಯಲು ಆಗುವುದಿಲ್ಲ. ಕೈ ಕೂಡಿಕೊಂಡಿದೆ, ಆದರೆ ಕೆಲಸ ಕೊಡದಿದ್ದರೆ ಬೆರಳು ಬಿಗಿಯುತ್ತವೆ ಎಂದು ಆಸ್ಪತ್ರೆಯ ಡಾಕ್ಟರೇ ಹೇಳಿದ್ದರು. ಬಿಗಿದ ಬೆರಳಿನ ಗಡಿಯಾರ ರಿಪೇರಿಯವನು ಯಾವ ಲೆಕ್ಕಕ್ಕೂ ಇಲ್ಲದ ಮನುಷ್ಯ. ಅದು ಅಜ್ಜನಿಗೂ ಗೊತ್ತು, ಸೊಸೆಗೂ ಗೊತ್ತು.

ಅಜ್ಜ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ. ಕೈಯಲ್ಲಿ ಒಂದು ಸ್ಟಾಪ್‌ವಾಚ್. ಎದುರಿನ ಎರಡು ದೀಪದ ಕಂಬಗಳ ನಡುವಿನ ದೂರ ನಲವತ್ತು ಮೀಟರ್ ಎಂದು ಮಗನಿಂದ ಟೇಪ್ ಹಿಡಿಸಿ ಅಳೆಸಿದ್ದ. ಮೊದಲ ಕಂಬ ದಾಟಿದಾಗ ಒತ್ತುವುದು, ಎರಡನೆಯದು ದಾಟಿದಾಗ ಒತ್ತುವುದು, ಬರೆಯುವುದು. ಬೆರಳಿಗೆ ಅದಾದರೂ ಒಂದು ಕೆಲಸವಾಯಿತು. ಮೂರು ವಾರಕ್ಕೆ ಒಂದು ಸಾವಿರದ ನೂರ ಹನ್ನೆರಡು ವಾಹನಗಳಾದವು. ಸರಾಸರಿ ಎರಡು ಪಾಯಿಂಟ್ ಒಂಬತ್ತು ಸೆಕೆಂಡ್. ಅಂದರೆ ಗಂಟೆಗೆ ಐವತ್ತು ಕಿಲೋಮೀಟರ್, ಹೆಚ್ಚುಕಡಿಮೆ.

ಸೊಸೆ ನಗರಸಭೆಗೆ ಅರ್ಜಿ ಹಾಕಿದಳು. ನಿವಾಸಿಗಳ ಸಂಘದ ಮೂಲಕ ಬರಲಿ ಎಂದು ಅರ್ಜಿ ವಾಪಸ್ ಬಂತು. ಸಂಘದ ಅಧ್ಯಕ್ಷರು ಬೀದಿಯ ಹಲ್ಲಿನ ಡಾಕ್ಟರ್. ಅವರಿಗೆ ಎರಡು ಕಾರು, ಒಂದು ಗ್ಯಾರೇಜು. ಗ್ಯಾರೇಜಿನಲ್ಲಿ ರೋಗಿಗಳು ಕಾಯುತ್ತಾರೆ. ಕಾರುಗಳು ಬೀದಿಯಲ್ಲಿ ಕಾಯುತ್ತವೆ. ಸಂಘದ ಸಭೆಗಳು ನಡೆಯುವುದೂ ಅದೇ ಗ್ಯಾರೇಜಿನಲ್ಲಿ, ಹುಳುಕು ಹಲ್ಲಿನ ದೊಡ್ಡ ಚಿತ್ರದ ಕೆಳಗೆ.

ಡಾಕ್ಟರ್ ಅರ್ಜಿಗೆ ಕೂಡಲೇ ಸಹಿ ಹಾಕಿದರು. ಆ ವಿಷಯದಲ್ಲಿ ಅವರ ಕಡೆ ಯಾರೂ ಬೊಟ್ಟು ಮಾಡುವಂತಿಲ್ಲ. ಸಹಿ ಕೇಳಿದವರಿಗೆ ಅವರು ಇಲ್ಲ ಅಂದದ್ದೇ ಇಲ್ಲ. ಎರಡು ತಿಂಗಳ ನಂತರ ನಗರಸಭೆಯಿಂದ ಉತ್ತರ ಬಂತು: ಬರುವ ಗುರುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎಂಜಿನಿಯರ್ ಬಂದು ವಾಹನಗಳ ವೇಗ ಅಳೆಯುತ್ತಾರೆ, ನಿಲುಗಡೆಯ ಸ್ಥಿತಿ ನೋಡುತ್ತಾರೆ, ಹಂಪ್ ಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನ.

ಡಾಕ್ಟರ್ ತುರ್ತು ಸಭೆ ಕರೆದರು. ಸೊಸೆಗೆ ಪ್ಲಾಸ್ಟರ್ ಕೋಣೆಯಲ್ಲಿ ಪಾಳಿ ಇತ್ತು. ಅಜ್ಜನಿಗೆ ಬೀದಿ ದಾಟಲು ಅನುಮತಿ ಇರಲಿಲ್ಲ, ಗ್ಯಾರೇಜು ಆಚೆ ಬದಿಗಿತ್ತು. ಹಾಗಾಗಿ ಹಂಪ್ ಬೇಕೆಂದವರು ಯಾರೂ ಸಭೆಯಲ್ಲಿರಲಿಲ್ಲ.

"ಕಚೇರಿಯವರು ನೋಡೋಕೆ ಬರ್ತಿದ್ದಾರೆ," ಎಂದರು ಡಾಕ್ಟರ್. "ನಮ್ಮ ಬೀದಿ ಮರ್ಯಾದೆ ಪ್ರಶ್ನೆ. ಫುಟ್‌ಪಾತ್ ಮೇಲೆ ಒಂದು ಕಾರೂ ಕಾಣಬಾರದು."

"ಮತ್ತೆ ಎಲ್ಲಿ ನಿಲ್ಸೋದು ಡಾಕ್ಟ್ರೇ? ತಲೆ ಮೇಲಾ?"

"ಹಿಂದಿನ ಬೀದೀಲಿ. ಎರಡು ಗಂಟೆ ಮಟ್ಟಿಗೆ."

"ಅಲ್ಲಿಯವರು ಜಗಳಕ್ಕೆ ಬರ್ತಾರೆ."

"ಬರ್ಲಿ. ನಿಧಾನಕ್ಕೆ ಜಗಳ ಆಡಿ. ಹತ್ತು ಗಂಟೆಗೆ ತೆಗೆದ್ರಾಯ್ತು."

ಕುಂಡ ಇಟ್ಟವರು ಕುಂಡವನ್ನೂ ತೆಗೆಯಬೇಕೇ ಎಂದು ಒಬ್ಬರು ಕೇಳಿದರು. ಅದರ ಮೇಲೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಕೊನೆಗೆ ಕುಂಡದಲ್ಲಿ ಗಿಡ ನೆಡುವುದೆಂದು ತೀರ್ಮಾನವಾಯಿತು. ಬೀದಿಯವರೆಲ್ಲ ಆ ಎರಡು ಗಂಟೆ ಎರಡನೇ ಗೇರಿನಲ್ಲೇ ಓಡಿಸಬೇಕು, ಹೊರಗಿನವರು ನುಗ್ಗದಂತೆ ಬೀದಿಯ ಎರಡೂ ತುದಿಗೆ ತಲಾ ಇಬ್ಬರು ನಿಂತು ಕೈ ಮಾಡಿ ಆಚೆ ಕಳಿಸಬೇಕು ಎಂಬ ಸೂಚನೆಗಳೂ ಸರ್ವಾನುಮತದಿಂದ ಅಂಗೀಕಾರವಾದವು. ಎಂಜಿನಿಯರ್ ಏತಕ್ಕೆ ಬರುತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ. ಬರುತ್ತಿದ್ದಾರೆ ಎಂಬುದೇ ಸಾಕಾಗಿತ್ತು.

ಗುರುವಾರ ಬೆಳಿಗ್ಗೆ ಬೀದಿ ಮದುಮಗಳಂತೆ ನಿಂತಿತ್ತು. ಗುಡಿಸಿದ ರಸ್ತೆ, ನೀರು ಚಿಮುಕಿಸಿದ ಗಿಡ, ಚಕ್ರದ ಗುರುತೂ ಇಲ್ಲದ ಪಾದಚಾರಿ ಮಾರ್ಗ. ಅಜ್ಜ ಸ್ಟೂಲಿನ ಮೇಲೆ ಕೂತು ಅದನ್ನು ನೋಡಿ ಸ್ವಲ್ಪ ಹೊತ್ತು ತನ್ನ ಕಣ್ಣಿನ ಮೇಲೇ ಅನುಮಾನಪಟ್ಟ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ತನ್ನ ಅಂಗಡಿಯ ಬಾಗಿಲು ಕೆಳಗಿನವರೆಗೆ ಕಂಡಿತ್ತು.

ಎಂಜಿನಿಯರ್ ಮೂರು ಕಾಲಿನ ಯಂತ್ರವನ್ನು ಸರಿಯಾಗಿ ಅಜ್ಜನ ಮನೆಯ ಮುಂದೆಯೇ ಹೂಡಿದರು. ಎರಡು ಗಂಟೆಯಲ್ಲಿ ಮೂವತ್ತೊಂಬತ್ತು ವಾಹನಗಳು ಶವಯಾತ್ರೆಯ ವೇಗದಲ್ಲಿ ಹಾದುಹೋದವು. ಹಲ್ಲಿನ ಡಾಕ್ಟರ್ ತಾವೇ ನಾಲ್ಕು ಸಲ ಹೋದರು, ನಾಲ್ಕೂ ಸಲ ಕೈ ಬೀಸಿದರು.

ಅಜ್ಜ ಗೋಡೆ ಹಿಡಿದು ಮೆಟ್ಟಿಲಿಳಿದು ನೋಟ್‌ಬುಕ್ ಮುಂದೆ ಹಿಡಿದ.

"ಸಾಹೇಬ್ರೇ, ಇವತ್ತಿನದು ನಂಬ್ಬೇಡಿ. ಇದು ಮೂರು ವಾರದ್ದು. ಒಂದೊಂದೂ ಬರ್ದಿದೀನಿ."

ಎಂಜಿನಿಯರ್ ಎರಡು ಪುಟ ತಿರುವಿದರು. ಅಕ್ಷರ ಮುದ್ದಾಗಿದೆ ಎಂದರು. "ಯಾವುದ್ರಲ್ಲಿ ಅಳೆದಿದ್ದು ಅಜ್ಜ?"

"ಸ್ಟಾಪ್‌ವಾಚಲ್ಲಿ."

"ಅದಕ್ಕೆ ಪ್ರಮಾಣಪತ್ರ ಇದೆಯಾ?"

"ನಾನೇ ಬಿಚ್ಚಿ ಜೋಡಿಸಿದ್ದು. ದಿನಕ್ಕೆ ಅರ್ಧ ಸೆಕೆಂಡೂ ಆಚೀಚೆ ಆಗಲ್ಲ."

"ಹಾಗಲ್ಲ, ಪ್ರಮಾಣಪತ್ರ ಇಲ್ದೆ ಇದನ್ನ ಫೈಲಿಗೆ ಹಾಕೋಕೆ ಬರಲ್ಲ. ನಮ್ಮ ಯಂತ್ರ ಏನು ಹೇಳುತ್ತೋ ಅದೇ."

"ಸರಿ ಬಿಡಿ. ಆದ್ರೆ ನಿಮ್ಮ ಕೈಗಡಿಯಾರ ನಾಲ್ಕು ನಿಮಿಷ ಹಿಂದಿದೆ," ಎಂದು ಹೇಳಿ ಅಜ್ಜ ಒಳಗೆ ಹೋದ.

ಹತ್ತೂವರೆಗೆ ಕಾರುಗಳೆಲ್ಲ ತಂತಮ್ಮ ಪಾದಚಾರಿ ಮಾರ್ಗಕ್ಕೆ ಹಿಂದಿರುಗಿದವು. ಮೂರು ವಾರದ ನಂತರ ವರದಿ ಬಂತು. ಸರಾಸರಿ ವೇಗ ಗಂಟೆಗೆ ಹದಿನೆಂಟು ಕಿಲೋಮೀಟರ್. ಅಕ್ರಮ ನಿಲುಗಡೆ ಶೂನ್ಯ. ಹಂಪ್ ಅಗತ್ಯವಿಲ್ಲ. ಇದಲ್ಲದೆ, ವಾರ್ಡಿನ ನೂರ ಹದಿನಾಲ್ಕು ಬೀದಿಗಳಲ್ಲಿ ಇಷ್ಟು ಶಿಸ್ತಿನದು ಇನ್ನೊಂದಿಲ್ಲವಾದ್ದರಿಂದ ಇದನ್ನು 'ಮಾದರಿ ಬೀದಿ' ಎಂದು ಘೋಷಿಸಲಾಗಿದೆ.

ಡಾಕ್ಟರ್ ಪತ್ರ ಹಿಡಿದು ಮನೆ ಮನೆಗೂ ಹೋದರು. ಸೊಸೆ ಸಂಜೆ ಕೆಲಸದಿಂದ ಬಂದವಳು ಅದನ್ನು ನಿಂತಲ್ಲೇ ಎರಡು ಸಲ ಓದಿದಳು.

"ಡಾಕ್ಟ್ರೇ, ನಾವು ಕೇಳಿದ್ದು ಹಂಪ್."

"ಹಂಪ್ ಏನಮ್ಮಾ, ಯಾವ ಬೀದಿಗೆ ಬೇಕಾದ್ರೂ ಹಾಕ್ತಾರೆ. ಇದು ವಾರ್ಡಿಗೆ ಒಂದೇ."

"ನಮ್ಮ ಮಾವ ಅಂಗಡಿಗೆ ಹೋಗೋದು ಹೇಗೆ?"

"ಹೆದರಬೇಕಾದ್ದು ಏನೂ ಇಲ್ಲ ಅಂತ ಸರ್ಕಾರವೇ ಬರೆದು ಕೊಟ್ಟಿದೆಯಲ್ಲ! ಧೈರ್ಯವಾಗಿ ದಾಟ್ಲಿ."

ಸೊಸೆ ಪತ್ರವನ್ನು ಮಡಚಿ ಅವರ ಕೈಗೆ ಕೊಟ್ಟಳು. ಕೀಲಿ ಚೀಲದಲ್ಲೇ ಉಳಿಯಿತು. ಮಾವ ಆ ದಿನ ಬಲಗೈ ಮುಷ್ಟಿ ಕಟ್ಟಿ ತೋರಿಸಿದಾಗ ಕಿರುಬೆರಳು ಅಂಗೈಗೆ ತಾಕಲಿಲ್ಲ.

ಮಾದರಿ ಬೀದಿಗೆ ಫಲಕ ಬೇಕು. ಫಲಕ ಕಾಣಬೇಕಾದರೆ ಒಳಗೆ ದೀಪ ಬೇಕು. ತಿರುವಿನಲ್ಲಿ ಎಲ್ಲರಿಗೂ ಕಾಣುತ್ತದೆಂದು ಗಡಿಯಾರದಂಗಡಿಯ ಪಕ್ಕವೇ ಕಂಬ ನೆಟ್ಟರು. ಕರೆಂಟಿನ ಸಂಪರ್ಕ ಇದ್ದದ್ದು ಈಚೆ ಬದಿ, ಅಜ್ಜನ ಮನೆಯ ಹತ್ತಿರ. ಕೇಬಲ್ ಎಳೆಯಲು ರಸ್ತೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಲಾಗಿ ಅಗೆದು, ಮಣ್ಣು ತುಂಬಿ, ಮೇಲೆ ಎರಡು ಬುಟ್ಟಿ ಜಲ್ಲಿ ಚೆಲ್ಲಿ ಹೋದರು. ವಾರ್ಡ್ ಸದಸ್ಯೆ ಬಂದು ಗುಂಡಿ ಒತ್ತಿದರು, ದೀಪ ಹತ್ತಿತು, ಚಪ್ಪಾಳೆ ಬಿತ್ತು. ತಿಂಗಳೊಳಗೆ ಮಣ್ಣು ಕುಸಿದು, ಎರಡು ಅಂಚು ಬಿಟ್ಟು, ರಸ್ತೆಗೆ ಅಡ್ಡಲಾಗಿ ಒಂದು ಗೇಣು ಆಳದ ಚರಂಡಿಯಾಯಿತು.

ಕಾರುಗಳು ಅಲ್ಲಿ ಬಂದು ನಿಂತು, ಯೋಚಿಸಿ, ಒಂದೊಂದೇ ಚಕ್ರ ಇಳಿಸತೊಡಗಿದವು. ಅಜ್ಜನಿಗೆ ಹಬ್ಬ.

"ನೋಡಮ್ಮಾ, ಈಗ ಎಲ್ರೂ ನಿಲ್ಲಿಸ್ತಾರೆ. ಕೀಲಿ ಕೊಡು."

"ಕಾರಿನವರು ನಿಲ್ಲಿಸ್ತಾರೆ ಮಾವ. ಬೈಕಿನವರು ಗುಂಡಿ ತಪ್ಪಿಸೋಕೆ ಅಂಚಿಗೆ ಬರ್ತಾರೆ. ಅಂಚಲ್ಲಿ ನೀವಿರ್ತೀರಿ."

ಅದು ನಿಜವಿತ್ತು. ಅಜ್ಜ ಆ ವಾರದ ನೋಟ್‌ಬುಕ್ಕಿನಲ್ಲಿ ಬೈಕುಗಳಿಗೆ ಬೇರೆ ಕಾಲಂ ಹಾಕಿದ್ದ. ಸೊಸೆ ಅದನ್ನು ಓದಿಯೇ ಹೇಳಿದ್ದು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ದೊಡ್ಡ ಕಾರಿನ ಹೊಟ್ಟೆ ಚರಂಡಿಯ ಅಂಚಿಗೆ ಉಜ್ಜಿ ಸೈಲೆನ್ಸರ್ ಕಳಚಿಬಿತ್ತು. ಮಾದರಿ ಬೀದಿಯಲ್ಲಿ ಗುಂಡಿಯೇ ಎಂದು ಅವರು ಕೆಂಡಾಮಂಡಲವಾದರು. ದೂರು ಬರೆದು, ಸಹಿ ಸಂಗ್ರಹಿಸಲು ಹೊರಟರು. ಅಜ್ಜನ ಮನೆಯ ಬಾಗಿಲಿಗೆ ಬಂದಾಗ ಸ್ವಲ್ಪ ಅಳುಕಿದರು. ಸೊಸೆ ಪೆನ್ನು ಕೇಳಿ ಇಸಿದುಕೊಂಡು ಮೊದಲ ಸಾಲಿನಲ್ಲೇ ರುಜು ಹಾಕಿದಳು. 'ತುರ್ತಾಗಿ ಡಾಂಬರು ಹಾಕಿ ಮುಚ್ಚಿಕೊಡಬೇಕು' ಎಂಬ ಮಾತನ್ನು ತಾನೇ ಸೇರಿಸಿದಳು.

ಡಾಕ್ಟರ್ ಹೋದ ಮೇಲೆ ಅಜ್ಜ ಮುಖ ತಿರುಗಿಸಿ ಕೂತ.

"ಮನೆಯವಳೇ ಹೋಗಿ ಆಚೆಯವರ ಜೊತೆ ಸೇರ್ಕೊಂಡ್ಯಲ್ಲಮ್ಮಾ. ಇದ್ದ ಒಂದು ಗುಂಡಿನೂ ಹೋಯ್ತು."

"ಮಾವ, ನನ್ನ ಕೋಣೆಗೆ ಕೈಕಾಲು ಮುರ್ಕೊಂಡು ಬರೋವ್ರನ್ನ ನಾವು ಕೇಳಿ ಬರ್ಕೊತೀವಿ, ಎಲ್ಲಿ ಬಿದ್ರಿ, ಹೇಗೆ ಬಿದ್ರಿ ಅಂತ. ಕಳೆದ ವರ್ಷ ರಸ್ತೆ ಗುಂಡಿಗೆ ಬಿದ್ದವರು ಇಪ್ಪತ್ತೆರಡು. ಗುಂಡಿ ಮುಚ್ಚಿದ ತೇಪೆಯ ಉಬ್ಬಿಗೆ ಎಗರಿ ಬಿದ್ದವರು ಎಷ್ಟು ಹೇಳಿ?"

"ಎಷ್ಟು?"

"ಮೂವತ್ತೈದು. ಈ ಕಚೇರಿಯವರು ಇವತ್ತಿನವರೆಗೂ ಒಂದು ಗುಂಡಿನೂ ಮಟ್ಟಸವಾಗಿ ಮುಚ್ಚಿಲ್ಲ."

ಅಜ್ಜ ಎದ್ದು ಹೋಗಿ ಎದುರಿನ ರಸ್ತೆಯನ್ನು ನೋಡಿದ.

ಹಂಪಿನ ಅರ್ಜಿಗೆ ಉತ್ತರಿಸಲು ಎರಡು ತಿಂಗಳು ತೆಗೆದುಕೊಂಡಿದ್ದ ಕಚೇರಿ ಕಾರಿನ ಹೊಟ್ಟೆಯ ದೂರಿಗೆ ನಾಲ್ಕನೇ ದಿನ ಆಳುಗಳನ್ನು ಕಳಿಸಿತು. ಟ್ರ್ಯಾಕ್ಟರ್ ತುಂಬ ಬಿಸಿ ಡಾಂಬರು ಜಲ್ಲಿ, ಹಿಂದೆ ರೋಲರ್. ರೋಲರ್ ಬೀದಿಯ ಬಾಯಿಯಲ್ಲೇ ನಿಂತುಬಿಟ್ಟಿತು. ಎರಡೂ ಬದಿಗೆ ನಿಂತ ಕಾರುಗಳ ನಡುವೆ ಅದು ತೂರುವಷ್ಟು ಜಾಗವಿರಲಿಲ್ಲ. ಚಾಲಕ ಹಾರ್ನ್ ಹೊಡೆದ. ಆಳುಗಳು ನಾಲ್ಕು ಮನೆಯ ಬಾಗಿಲು ತಟ್ಟಿದರು. ಆ ದಿನ ನೋಡಲು ದೊಡ್ಡವರು ಯಾರೂ ಬರುವವರಿರಲಿಲ್ಲವಾದ್ದರಿಂದ ಕಾರು ತೆಗೆಯಲು ಯಾರೂ ಬರಲಿಲ್ಲ. ಮೇಸ್ತ್ರಿ ಡಾಕ್ಟರ ಗ್ಯಾರೇಜಿಗೆ ಹೋದ. ಡಾಕ್ಟರ್ ಒಬ್ಬರ ದವಡೆ ಹಲ್ಲು ಕೀಳುತ್ತಿದ್ದರು.

"ಸಾರ್, ಕಾರುಗಳನ್ನ ಸ್ವಲ್ಪ..."

"ಈಗ ಆಗಲ್ಲಪ್ಪ, ಕೈಯಲ್ಲಿ ಇಕ್ಕಳ ಇದೆ. ಹಾಗೇ ಮಾಡಿ ಮುಗ್ಸಿ. ಏನಾದ್ರೂ ಸಹಿ ಬೇಕಾ?"

'ಕಾಮಗಾರಿ ಮಟ್ಟಸವಾಗಿಯೂ ತೃಪ್ತಿಕರವಾಗಿಯೂ ಪೂರ್ಣಗೊಂಡಿದೆ' ಎಂದು ಮೊದಲೇ ಅಚ್ಚಾದ ನಮೂನೆ ಮೇಸ್ತ್ರಿಯ ಜೇಬಿನಲ್ಲಿತ್ತು. ಡಾಕ್ಟರ್ ಎಡಗೈಯಲ್ಲಿ ರೋಗಿಯ ಗದ್ದ ಹಿಡಿದು ಬಲಗೈಯಲ್ಲಿ ಸಹಿ ಹಾಕಿದರು. ಕೆಲಸ ಆಗ ಇನ್ನೂ ಶುರುವಾಗಿರಲಿಲ್ಲ.

ತಂದ ಡಾಂಬರನ್ನು ವಾಪಸ್ ಒಯ್ಯುವ ಪದ್ಧತಿ ಆ ಕಚೇರಿಯಲ್ಲಿಲ್ಲ. ಉಳಿಸಿ ಒಯ್ದರೆ ಯಾಕೆ ಉಳಿಯಿತು ಎಂದು ಬರೆದುಕೊಡಬೇಕು. ಆಳುಗಳು ಚರಂಡಿ ತುಂಬಿಸಿದರು, ಉಳಿದದ್ದನ್ನು ಅದರ ಮೇಲೆಯೇ ಸುರಿದರು, ರೋಲರ್ ಇಲ್ಲದ್ದರಿಂದ ಸಲಿಕೆಯ ಬೆನ್ನಿನಲ್ಲಿ ತಟ್ಟಿದರು, ಬೂಟುಗಾಲಿನಲ್ಲಿ ತುಳಿದರು. ಅವರು ಹೋದ ಮೇಲೆ ಅಜ್ಜ ಬಾಗಿಲಿಗೆ ಬಂದು ನೋಡಿದ. ರಸ್ತೆಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿನವರೆಗೆ, ಒಂದು ಕಪ್ಪು ದಿಬ್ಬ. ಮಗ ಎದ್ದ ಮೇಲೆ ಅಳೆಸಿದ: ಎತ್ತರ ಹನ್ನೊಂದು ಸೆಂಟಿಮೀಟರ್.

ಆ ಭಾನುವಾರ ಸೊಸೆ ಗಂಡನ ಕೈಗೆ ಬ್ರಷ್ ಕೊಟ್ಟಳು. ಗೋಡೆಗೆ ಹೊಡೆದು ಉಳಿದಿದ್ದ ಬಿಳಿ ಬಣ್ಣದಲ್ಲಿ ದಿಬ್ಬಕ್ಕೆ ಪಟ್ಟೆ ಬಳಿಸಿದಳು. "ಕಾಣದೆ ಯಾರಾದ್ರೂ ಬಿದ್ರೆ ಮತ್ತೆ ನನ್ನ ಕೋಣೆಗೇ ಬರೋದು," ಎಂದಳು. ಮಾರನೇ ದಿನ ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ಬಾಗಿಲಲ್ಲಿ ಒಂದೂವರೆ ಗಂಟೆ ನಿಂತು ನೋಡಿದಳು. ಕಾರು, ಬೈಕು, ಎಲ್ಲವೂ ದಿಬ್ಬದ ಮುಂದೆ ತಲೆಬಾಗಿದವು. ಊಟದ ಚೀಲಕ್ಕೆ ಕೈ ಹಾಕಿದಳು.

"ತಗೊಳ್ಳಿ ಮಾವ. ಎರಡೂ ಕಡೆ ನೋಡಿ ದಾಟಿ."

"ನಾನೇನು ಮಗುವೇನಮ್ಮಾ," ಎಂದು ಅಜ್ಜ ಕೀಲಿ ಕಸಿದುಕೊಂಡ. ಹದಿನಾರು ಹೆಜ್ಜೆಯ ದಾರಿಗೆ ಆ ದಿನ ಇಪ್ಪತ್ತೆರಡು ಹೆಜ್ಜೆ ಹಿಡಿಯಿತು. ಮೊದಲ ಗಡಿಯಾರದ ಹಿಂಬದಿ ಬಿಚ್ಚಲು ಮುಕ್ಕಾಲು ಗಂಟೆ ಬೇಕಾಯಿತು. ಕಿರುಬೆರಳು ಮಾತು ಕೇಳಲಿಲ್ಲ. ಹತ್ತನೇ ದಿನದ ಹೊತ್ತಿಗೆ ಹತ್ತು ನಿಮಿಷಕ್ಕೆ ಇಳಿಯಿತು. ಮೂವತ್ತೊಂದರಲ್ಲಿ ಆರು ಓಡತೊಡಗಿದವು.

ದಿಬ್ಬ ಡಾಕ್ಟರಿಗೂ ತಲೆನೋವಾಗಿತ್ತು. ಅವರ ಹೊಸ ಸೈಲೆನ್ಸರ್ ಎರಡನೇ ವಾರಕ್ಕೇ ಸದ್ದು ಮಾಡತೊಡಗಿತು. ಹಂಪ್ ತೆಗೆಸಬೇಕೆಂದು ಸಂಘದಿಂದ ಹೊಸ ಅರ್ಜಿ ಹೋಯಿತು. ಇಪ್ಪತ್ತಾರು ಮನೆಗಳಲ್ಲಿ ಇಪ್ಪತ್ತೈದು ಸಹಿ. ಅದೇ ಎಂಜಿನಿಯರ್ ಫೈಲು ಹಿಡಿದು ಬಂದರು. ಅಂಗಡಿಯ ಮುಂದೆಯೇ ಮಾತು ನಡೆದದ್ದರಿಂದ ಅಜ್ಜ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡ.

"ಈ ಬೀದೀಲಿ ಹಂಪ್ ಇಲ್ವಲ್ಲ ಡಾಕ್ಟ್ರೇ," ಎಂದರು ಎಂಜಿನಿಯರ್ ಫೈಲು ನೋಡುತ್ತಾ.

"ಕಾಲ ಕೆಳಗೆ ನೋಡಿ ಸಾರ್! ಅದರ ಮೇಲೇ ನಿಂತಿದೀರಿ!"

"ಇದು ದುರಸ್ತಿ. ಹಂಪ್ ಬೇಕಿಲ್ಲ ಅಂತ ನಾನೇ ವರದಿ ಕೊಟ್ಟಿದೀನಿ. ಮಂಜೂರೇ ಆಗದ ಹಂಪನ್ನ ನಾನು ತೆಗೆಸೋದು ಹೇಗೆ?"

"ಹಾಗಾದ್ರೆ ದುರಸ್ತಿ ಸರಿಯಿಲ್ಲ ಅಂತ ಬರ್ಕೊಳ್ಳಿ."

ಎಂಜಿನಿಯರ್ ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟು, ಫೈಲನ್ನು ಡಾಕ್ಟರ ಕಡೆ ತಿರುಗಿಸಿದರು. "ಮಟ್ಟಸವಾಗಿಯೂ ತೃಪ್ತಿಕರವಾಗಿಯೂ. ಈ ಸಹಿ ಯಾರದು?"

ಡಾಕ್ಟರ್ ತಮ್ಮ ಸಹಿ ನೋಡಿ, ರೋಗಿ ಕಾಯುತ್ತಿದ್ದಾರೆ ಎಂದು ಹೇಳಿ ಹೋದರು.

ಎಂಜಿನಿಯರ್ ಅಂಗಡಿಯ ಕಡೆ ತಿರುಗಿ ಕೈಗಡಿಯಾರ ಬಿಚ್ಚಿದರು. "ಅಜ್ಜ, ಅವತ್ತು ನಾಲ್ಕು ನಿಮಿಷ ಅಂದ್ರಲ್ಲ, ಈಗ ಹನ್ನೊಂದು ನಿಮಿಷ ಹಿಂದಾಗಿದೆ. ನೋಡ್ತೀರಾ?"

ಅಜ್ಜ ಗಡಿಯಾರ ತೆಗೆದುಕೊಂಡು ಒಂದು ತಟ್ಟೆಯಲ್ಲಿಟ್ಟ. ಆಗ ಮೊದಲ ಕಂಬದ ಹತ್ತಿರ ಒಂದು ಬಿಳಿ ಕಾರು ಕಂಡಿತು. ಅಜ್ಜನ ಎಡಗೈ ತಾನೇ ತಾನಾಗಿ ಸ್ಟಾಪ್‌ವಾಚಿಗೆ ಹೋಯಿತು. ಕಾರು ವೇಗ ತಗ್ಗಿಸಿತು, ದಿಬ್ಬ ಏರಿತು, ಇಳಿಯಿತು, ಎರಡನೇ ಕಂಬ ದಾಟಿತು. ಅಜ್ಜ ನೋಟ್‌ಬುಕ್ಕಿನಲ್ಲಿ ಬರೆದ: ಎಂಟು ಸೆಕೆಂಡ್. ಆ ಪುಟದ ತುಂಬ ಎಂಟು, ಎಂಟು, ಏಳೂವರೆ, ಎಂಟೂವರೆ, ಎಂಟು.

ಎಂಜಿನಿಯರ್ ಬಗ್ಗಿ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅವರ ಮುಖ ಅರಳಿತು.

"ನಲವತ್ತು ಮೀಟರ್, ಎಂಟು ಸೆಕೆಂಡ್. ಗಂಟೆಗೆ ಹದಿನೆಂಟು! ನೋಡಿದ್ರಾ ಅಜ್ಜ? ನಾನು ಅವತ್ತೇ ಹೇಳಿದ್ದೆ. ನಮ್ಮ ಯಂತ್ರ ಸರಿಯಾಗೇ ಇತ್ತು."

"ಇತ್ತು ಸಾಹೇಬ್ರೇ, ಯಾರು ಇಲ್ಲ ಅಂದ್ರು," ಎಂದ ಅಜ್ಜ, ಅವರ ಗಡಿಯಾರದ ಬೆನ್ನು ತಿರುವಿ ಚಾಕುವಿನ ತುದಿ ಇಡುತ್ತಾ. "ನಿಮ್ಮ ಕೈಗಡಿಯಾರ ಹಿಂದೆ ಓಡ್ತಿತ್ತು, ನಿಮ್ಮ ವರದಿ ನಾಲ್ಕು ತಿಂಗಳು ಮುಂದೆ ಓಡ್ತಿತ್ತು, ಅಷ್ಟೇ. ಇದನ್ನ ಸರಿ ಮಾಡಿ ಇಟ್ಟಿರ್ತೀನಿ, ಗುರುವಾರ ಬನ್ನಿ. ಬರೋವಾಗ ಯಾರಿಗೂ ಹೇಳ್ಬೇಡಿ."